ಸಹಾಯ ಬೇಕು: ದೊಡ್ಡ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ ಮಾಡಿದವರು ಇದ್ದೀರಾ?

ನಮಸ್ಕಾರ. ನಾನು ಬ್ರಹ್ಮಾವರದವಳು, ಉಡುಪಿಯ ಒಂದು ಸಿಎ ಆಫೀಸಿನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಈಗ ಬೆಂಗಳೂರಿನ ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಯಿಂದ ಆಫರ್ ಬಂದಿದೆ (ಹೆಸರು ಬೇಡ). ಸಂಬಳ ಡಬಲ್ ಅಂತ ಮನೆಯಲ್ಲಿ ಖುಷಿಯೋ ಖುಷಿ. ಆದ್ರೆ ಲೆಟರ್ ಸರಿಯಾಗಿ ಓದಿದ್ರೆ ಕಂಪನಿ ಪಾಲಿನ ಪಿಎಫ್, ಬೇಸಿಕ್‌ನ 4.81% ಗ್ರಾಚ್ಯುಟಿ, ಕೊಟ್ಟರೆ ಕೊಟ್ಟರು ಎನ್ನುವಂಥ ವೇರಿಯಬಲ್ ಪೇ ಎಲ್ಲ ಸಿಟಿಸಿಯೊಳಗೇ (ಕಂಪನಿ ನಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕ) ಸೇರಿಸಿದ್ದಾರೆ ಮಾರಾಯ್ರೆ.

ಅದು ಹೋಗಲಿ. ಟೈಮ್‌ಶೀಟ್‌ನಲ್ಲಿ ಕ್ಲೈಂಟಿಗೆ ಬಿಲ್ ಮಾಡುವ ಗಂಟೆ ಕಡಿಮೆಯಾದ್ರೆ ಅಪ್ರೈಸಲ್‌ನಲ್ಲಿ ಪೆಟ್ಟು ಬೀಳುತ್ತದಾ? ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವ ತನಕ ಬೆಂಚಲ್ಲಿ ಕೂರಿಸ್ತಾರಂತೆ, ಆಗ ನಾವೇ ಮ್ಯಾನೇಜರ್‌ಗಳ ಹಿಂದೆ ಸುತ್ತಿ ಕೆಲಸ ಕೇಳಬೇಕಾ? ಸೆಪ್ಟೆಂಬರ್ ಬಂತೆಂದ್ರೆ ಟ್ಯಾಕ್ಸ್ ಆಡಿಟ್ ಗಡಿಬಿಡಿ ನಮಗೂ ಇದೆ, ರಾತ್ರಿ ಹತ್ತಾದದ್ದೂ ಇದೆ, ಆದ್ರೆ ಅದು ವರ್ಷದಲ್ಲಿ ಒಂದೆರಡು ತಿಂಗಳು ಅಷ್ಟೇ. ಅಲ್ಲಿ ವರ್ಷವಿಡೀ ಹಾಗೆಯಾ?

ಇನ್ನೊಂದು, ಅಮ್ಮ ಇಲ್ಲಿ ಒಬ್ಬರೇ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶಿರಾಡಿ ಇಳಿದು ಬಂದು ಭಾನುವಾರ ವಾಪಸ್ ಹೋಗುವಷ್ಟಾದ್ರೂ ಶನಿವಾರ ಬಿಡುವು ಸಿಗುತ್ತದಾ? ಸರಿಬರಲಿಲ್ಲ ಅಂತ ಬಿಡೋಣವೆಂದ್ರೆ ನೋಟಿಸ್ ಪೀರಿಯಡ್ ಬೇರೆ 90 ದಿನ.

ಕೆಲಸ ಮಾಡಿದವರೇ ಹೇಳಿ, ಪ್ಲೀಸ್. ಇಲ್ಲಿ ಬರೆಯಲು ಕಷ್ಟವಾದ್ರೆ ಇನ್‌ಬಾಕ್ಸ್ ಮಾಡಿ. ಸೋಮವಾರದೊಳಗೆ ಉತ್ತರ ಕೊಡಬೇಕು.