ತರಗತಿಯೊಳಗೇ ನಾಟಕ: 46 ಮಕ್ಕಳಿಗೂ ಪಾಲು ಸಿಗುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕನ್ನಡ ಶಿಕ್ಷಕಿ, ಮಸ್ಕಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಪ್ರೌಢಶಾಲೆ. ಮಸ್ಕಿಯ ಅಶೋಕನ ಶಾಸನವನ್ನು ಕುರಿತು ತಾವೇ ನಾಟಕ ಬರೆದು ಆಡುತ್ತೇವೆಂದು ಒಂಬತ್ತನೇ ತರಗತಿಯ ಮಕ್ಕಳು ಹಟ ಹಿಡಿದಿದ್ದಾರೆ. ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಆ ಬಂಡೆಬರಹವನ್ನು ಗುರುತಿಸಿದ್ದು, ಅಲ್ಲಿಯವರೆಗೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕಾಣುತ್ತಿದ್ದ ದೊರೆಯ ಸ್ವಂತ ಹೆಸರು ನಮ್ಮೂರಿನ ಗುಡ್ಡದ ಮೇಲೆ ಸಿಕ್ಕಿದ್ದು ಅವರಿಗೆ ಬಹಳ ಹಿಡಿಸಿದೆ.

ತೊಡಕು ಇರುವುದು ಆಡಿಸುವುದರಲ್ಲಿ. ಶಾಲೆಗೆ ರಂಗಮಂಟಪವಿಲ್ಲ, ಬಯಲಿನಲ್ಲಿ ಆಡಿಸೋಣವೆಂದರೆ ನಮ್ಮ ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಆದ್ದರಿಂದ ತರಗತಿಯ ಕೋಣೆಯೇ ಗತಿ. ವಾರ್ಷಿಕೋತ್ಸವದಲ್ಲಿ ಆಗುವಂತೆ ಇಲ್ಲಿಯೂ ಚುರುಕಾದ ನಾಲ್ಕು ಮಕ್ಕಳು ಮಾತನ್ನೆಲ್ಲ ಹಂಚಿಕೊಂಡು, ಉಳಿದವರು ಮರವಾಗಿಯೋ ಸೈನಿಕರಾಗಿಯೋ ನಿಲ್ಲುವುದು ನನಗೆ ಇಷ್ಟವಿಲ್ಲ. ಮಕ್ಕಳು ಬರೆದು ತಂದ ಮೊದಲ ಪ್ರತಿಯಲ್ಲಿ ಕಳಿಂಗ ಯುದ್ಧವೇ ಮುಕ್ಕಾಲು ಭಾಗವಿದೆ. ಮಾತುಗಳೂ ‘ಎಲೈ ಸೇನಾಪತಿಯೇ, ಕೇಳುವಂಥವನಾಗು’ ಎಂಬ ಧಾಟಿಯಲ್ಲಿವೆ. ಮನೆಯಲ್ಲಿ ತೆಲುಗು, ಲಂಬಾಣಿ ಆಡುವ ಮಕ್ಕಳ ನಾಲಿಗೆ ಅಲ್ಲಿ ತೊಡರುತ್ತದೆ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೆ ಗದ್ದಲವಾಗುವುದೂ ಇದ್ದದ್ದೇ. ಅನುಭವವುಳ್ಳವರು ತಿಳಿಸಬೇಕೆಂದು ವಿನಂತಿ.

ಉತ್ತರ 1: ಹವ್ಯಾಸಿ ರಂಗಕರ್ಮಿ, ಬಳ್ಳಾರಿ

ಮೇಡಂ, ಮೊದಲಿಗೆ ಕರಿಹಲಗೆಯ ಮುಂದಿನ ಜಾಗವೇ ವೇದಿಕೆ ಎಂಬ ಕಲ್ಪನೆಯನ್ನು ಬಿಟ್ಟುಬಿಡಿ. ಡೆಸ್ಕುಗಳನ್ನು ಮೂರು ಗೋಡೆಗಳಿಗೆ ಒತ್ತರಿಸಿ ನಡುವೆ ಜಾಗ ಮಾಡಿ, ಆಟದಲ್ಲಿ ಇಲ್ಲದವರನ್ನು ಸುತ್ತಲೂ ಕೂರಿಸಿದರೆ ಯಾವ ಮಗುವೂ ಆಟಗಾರರಿಂದ ಹತ್ತು ಹೆಜ್ಜೆಗಿಂತ ದೂರದಲ್ಲಿರುವುದಿಲ್ಲ. ಆಗ ಮೈಕ್ ಬೇಕಾಗುವುದಿಲ್ಲ, ಕೂಗಬೇಕಾಗುವುದೂ ಇಲ್ಲ. ಗದ್ದಲದ ದೂರಿಗೂ ಅರ್ಧ ಪರಿಹಾರ ಇದರಲ್ಲಿಯೇ ಇದೆ, ಏಕೆಂದರೆ ಮಕ್ಕಳು ಕಿರುಚುವುದು ಹೆಚ್ಚಾಗಿ ದೂರದ ಪ್ರೇಕ್ಷಕನನ್ನು ಊಹಿಸಿಕೊಂಡು. ವೃತ್ತಿಯಿಂದ ವಕೀಲರಾಗಿದ್ದ ನಮ್ಮೂರಿನ ಬಳ್ಳಾರಿ ರಾಘವ (1880–1946) ಆ ಕಾಲದಲ್ಲೇ ಅಬ್ಬರವನ್ನು ಬಿಟ್ಟು ಸಹಜಾಭಿನಯಕ್ಕೆ ಹೆಸರಾದವರು. ಅಂಥ ಅಭಿನಯಕ್ಕೆ ತರಗತಿಯ ಕೋಣೆಗಿಂತ ತಕ್ಕ ಜಾಗ ಇನ್ನೊಂದಿಲ್ಲ.

ಎರಡನೆಯದಾಗಿ, ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದ ಸಾರಥಿಯನ್ನು ಕರೆತನ್ನಿ. ಪಾತ್ರವೊಂದು ಪ್ರವೇಶಿಸಿದಾಗ ಸಾರಥಿ ಅದನ್ನು ತಡೆದು, ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುತ್ತಾನಲ್ಲ, ಆ ಕ್ರಮ ಸಂಕೋಚದ ಮಕ್ಕಳಿಗೆ ಬಹಳ ಅನುಕೂಲ. ಉದ್ದನೆಯ ಮಾತನ್ನು ಬಾಯಿಪಾಠ ಮಾಡಲಾಗದ ಮಗುವೂ ಕೇಳಿದ ಪ್ರಶ್ನೆಗೆ ಉತ್ತರ ಹೇಳಬಲ್ಲದು. ಹತ್ತು ಮಕ್ಕಳು ಹಿಮ್ಮೇಳವಾಗಿ ಡೆಸ್ಕಿನ ಮೇಲೆ ತಾಳ ಹಾಕಲಿ (ಬೆರಳಿನಿಂದ, ಗಣಿತದ ಮೇಷ್ಟ್ರ ಸಲುವಾಗಿ). ಒಬ್ಬನೇ ಅಶೋಕನೂ ಬೇಡ. ದೃಶ್ಯ ಬದಲಾದಂತೆ ಒಂದೇ ಶಾಲನ್ನು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸಿದರೆ ಹುಡುಗಿಯರೂ ಸೇರಿ ಐದಾರು ಮಂದಿ ಅಶೋಕನಾಗಬಹುದು.

ಉತ್ತರ 2: ನಿವೃತ್ತ ಇತಿಹಾಸ ಶಿಕ್ಷಕ, ಕೊಪ್ಪಳ

ರಂಗದ ವಿಷಯದಲ್ಲಿ ನನಗೆ ಹೇಳುವಷ್ಟು ತಿಳಿವಳಿಕೆಯಿಲ್ಲ. ಕಥಾವಸ್ತುವಿನ ಬಗ್ಗೆ ಮಾತ್ರ ಬರೆಯುತ್ತೇನೆ. ಮಸ್ಕಿಯ ಶಾಸನದಲ್ಲಿ ಕಳಿಂಗದ ಸುದ್ದಿಯೇ ಇಲ್ಲ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು ಎಂಬ ಪಶ್ಚಾತ್ತಾಪದ ಮಾತು ಬರುವುದು 13ನೇ ಬಂಡೆ ಶಾಸನದಲ್ಲಿ. ಮಸ್ಕಿಯದು ಕಿರು ಶಾಸನ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದೂ, ಧರ್ಮದಲ್ಲಿ ನಡೆದರೆ ಸಿಗುವ ಫಲ ದೊಡ್ಡವರಿಗಷ್ಟೇ ಮೀಸಲೆಂದು ತಿಳಿಯಬಾರದು, ಸಣ್ಣವರಿಗೂ ಅದು ದಕ್ಕುತ್ತದೆಂದೂ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕೆಂದೂ ಅಲ್ಲಿ ದೊರೆ ಹೇಳಿಸಿದ್ದಾನೆ. 46 ಮಕ್ಕಳಿಗೂ ಪಾಲು ಕೊಡಬೇಕೆನ್ನುವ ಟೀಚರಮ್ಮನವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೇ? ಕತ್ತಿ ಹಿಡಿದವರ ಬದಲು ಕಲ್ಲು ಕೆತ್ತುವವರು, ಓಲೆ ಹೊತ್ತು ತರುವವರು, ಓದಿ ಹೇಳುವವರು, ಕೇಳಿ ಅನುಮಾನಪಡುವ ಊರಿನವರು ಬರಲಿ.

ಲಿಪಿಕಾರನ ಪಾತ್ರವೊಂದು ಇರಲೇಬೇಕು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬರೆದ ಚಪಡ ತನ್ನ ಹೆಸರನ್ನು ಹಾಕಿಕೊಂಡು, ‘ಲಿಪಿಕಾರ’ ಎಂಬುದನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮಸ್ಕಿಯದನ್ನೂ ಅವನೇ ಬರೆದನೆಂದು ಮಾತ್ರ ಹೇಳಿಸಬೇಡಿ. ನಾಟಕ ನಡೆಯುತ್ತಿರುವಾಗಲೇ ಒಂದು ಮಗು ಸೀಮೆಸುಣ್ಣದಿಂದ ಕರಿಹಲಗೆಯ ಮೇಲೆ ಶಾಸನದ ಬ್ರಾಹ್ಮಿ ಲಿಪಿಯಲ್ಲಿ ‘ಅಸೋಕ’ ಎಂದು ಬರೆಯಲಿ. ಬ್ರಾಹ್ಮಿಯ ‘ಕ’ ಗಣಿತದ ಕೂಡುವ ಚಿಹ್ನೆಯಂತೆಯೇ ಇರುವುದರಿಂದ, ಅದನ್ನು ಕಂಡಕೂಡಲೇ ಮಕ್ಕಳು ಗಲಾಟೆ ಎಬ್ಬಿಸುವುದು ಖಂಡಿತ. ನಾನು ಪಾಠ ಮಾಡುವಾಗಲೆಲ್ಲ ಹಾಗೆಯೇ ಆಗುತ್ತಿತ್ತು.

ಒಂದು ತಿದ್ದುಪಡಿ: ಅಶೋಕನ ಹೆಸರು ಮಸ್ಕಿಯಲ್ಲಿ ಮಾತ್ರ ಇದೆ ಎಂದು ಮಕ್ಕಳು ಬರೆದಿದ್ದರೆ, ಮೊದಲು ಸಿಕ್ಕಿದ್ದು ಇಲ್ಲಿ ಎಂದು ತಿದ್ದಿಸಿ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಂ ಮತ್ತು ಮಧ್ಯಪ್ರದೇಶದ ಗುಜರ್ರಾ ಶಾಸನಗಳಲ್ಲಿಯೂ ಆ ಹೆಸರಿದೆ.

ಉತ್ತರ 3: ಪಾಲಕರು, ಸಿಂಧನೂರು

ನಮ್ಮದು ದೊಡ್ಡಾಟದ ಮನೆತನವಾದ್ದರಿಂದ ಸಾರಥಿಯ ಸಲಹೆಯನ್ನು ಓದಿ ಸಂತೋಷವಾಯಿತು. ಭಾಷೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನೇ ಹೇಳುತ್ತೇನೆ: ‘ಎಲೈ ಸೇನಾಪತಿ’ಯನ್ನು ಪೂರ್ತಿ ತೆಗೆದುಹಾಕಬೇಡಿ ಅಕ್ಕಾವ್ರೆ. ಮಕ್ಕಳಿಗೆ ಆ ಗತ್ತು ಬೇಕು. ಅದಿಲ್ಲದಿದ್ದರೆ ಅವರಿಗೆ ನಾಟಕ ಆಡಿದಂತೆಯೇ ಅನಿಸುವುದಿಲ್ಲ. ದೊರೆಯ ಆಜ್ಞೆ ಗ್ರಾಂಥಿಕದಲ್ಲಿಯೇ ಇರಲಿ. ಅದನ್ನು ಓದಿ ಮುಗಿಸಿದ ಮೇಲೆ ಊರಿನ ಮುದುಕಿಯೊಬ್ಬಳು ‘ಇದೆಲ್ಲಾ ಖರೇನ? ನಮ್ಮಂಥೋರಿಗೂ ಐತೇನ್ರಿ ಇದು?’ ಎಂದು ಕೇಳಲಿ, ಸಾರಥಿ ಅವಳಿಗೆ ನಮ್ಮ ಮಾತಿನಲ್ಲಿಯೇ ಬಿಡಿಸಿ ಹೇಳಲಿ. ಲಂಬಾಣಿ, ತೆಲುಗು ಮಾತನಾಡುವ ಮಕ್ಕಳು ಅದನ್ನೇ ತಮ್ಮ ಮನೆಮಾತಿನಲ್ಲಿ ತಮ್ಮ ಗುಂಪಿಗೆ ತಿಳಿಸಿದರೂ ತಪ್ಪೇನೂ ಇಲ್ಲ. ಎಲ್ಲರಿಗೂ ತಿಳಿಸಬೇಕೆಂಬುದೇ ಶಾಸನದ ಮಾತಲ್ಲವೇ?

ಬಳ್ಳಾರಿಯ ಸರ್ ಹೇಳಿದ ಶಾಲಿನ ಉಪಾಯದ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ. ಆರು ಮಂದಿ ಅಶೋಕರಾದರೆ ನೋಡಲು ಬಂದ ಹಿರಿಯರು ತಬ್ಬಿಬ್ಬಾಗಬಹುದು. ಶಾಲು ದಾಟಿಸುವಾಗಲೆಲ್ಲ ಸಾರಥಿ ಒಂದು ಮಾತು ಹೇಳಿ ಸೂಚಿಸಿದರೆ ಸರಿಹೋದೀತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಯುದ್ಧದ ದೃಶ್ಯವನ್ನು ಕೈಬಿಡಲು ಹುಡುಗರು ಇನ್ನೂ ಒಪ್ಪಿಲ್ಲ. ಯುದ್ಧದಿಂದ ಮರಳಿದ ಸೈನಿಕನೊಬ್ಬ ಮಾತಿನಲ್ಲಿಯೇ ಅದನ್ನು ವಿವರಿಸುವಂತೆ ಬರೆಯಲು ಹೇಳಿದ್ದೇನೆ. ಅದು ಬೇರೆ ಶಾಸನದಿಂದ ತಂದ ಸಂಗತಿಯೆಂದು ಸಾರಥಿಯ ಬಾಯಲ್ಲಿ ಹೇಳಿಸುತ್ತೇನೆ. ತಾಲೀಮನ್ನು ಶನಿವಾರದ ಬೆಳಗಿನ ಶಾಲೆ ಬಿಟ್ಟ ಮೇಲೆ ಇಟ್ಟುಕೊಂಡರೆ ಗಣಿತದ ಮೇಷ್ಟ್ರ ತಕರಾರೂ ಇರುವುದಿಲ್ಲ. ಬ್ರಾಹ್ಮಿಯ ‘ಕ’ ವಿಷಯ ಕೇಳಿ ಅವರೇ ಕರಿಹಲಗೆಯ ದೃಶ್ಯವನ್ನು ನೋಡಲು ಬರುತ್ತೇನೆಂದಿದ್ದಾರೆ.