ಫ್ರೆಂಚರೆಲ್ಲರೂ ಫ್ರೆಂಚ್ ಮಾತನಾಡತೊಡಗಿದ್ದು ಯಾವಾಗ?

ಪ್ರಶ್ನೆ: ಕೋಥರೂಡ್‌ವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹನ್ನೊಂದನೆಯ ತರಗತಿಯಲ್ಲಿ ಫ್ರೆಂಚ್ ಆರಿಸಿಕೊಂಡಿದ್ದಾಳೆ. ಮೊನ್ನೆ ಊಟಕ್ಕೆ ಕುಳಿತಾಗ, ಧಾರವಾಡದಿಂದ ಬಂದಿರುವ ನನ್ನ ತಾಯಿ ಮೊಮ್ಮಗಳನ್ನು, "ನಮ್ಮಲ್ಲಿ ನಾಕು ಹರದಾರಿಗೆ ಮಾತು ಬದಲಾಗತದ, ಅಲ್ಲಿ ಇಡೀ ದೇಶಕ್ಕ ಒಂದಽ ಮಾತೇನು?" ಎಂದು ಕೇಳಿದರು. ಮಗಳು ಹೌದೆಂದಳು; ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಅವಳ ಪುಸ್ತಕದ ನಕ್ಷೆಯಲ್ಲಿ ದಕ್ಷಿಣದ ಒಂದು ಸೀಮೆಗೆ 'ಲಾಂಗ್‌ದೊಕ್' ಎಂಬ ಹೆಸರಿದ್ದು, 'ಓಕ್ ಭಾಷೆ' ಎಂಬುದೇ ಅದರ ಅರ್ಥವೆಂದು ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು. ಹಾಗಾದರೆ ಫ್ರೆಂಚರೆನಿಸಿಕೊಳ್ಳುವುದಕ್ಕೂ ಫ್ರೆಂಚ್ ಮಾತನಾಡುವುದಕ್ಕೂ ನಡುವೆ ಒಂದು ಕಾಲಕ್ಕೆ ಅಂತರವಿತ್ತೇ? ಇದ್ದರೆ ಅದು ಹೇಗೆ ಅಳಿಯಿತು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮಾತುಂಗಾದ ನಿವೃತ್ತ ಶಿಕ್ಷಕ, ಮುಂಬಯಿ

ನಿಮ್ಮ ತಾಯಿಯವರ ಅನುಮಾನ ಸರಿಯಾಗಿದೆ. ಮಧ್ಯಯುಗದಲ್ಲಿ 'ಹೌದು' ಎನ್ನುವುದಕ್ಕೆ ಉತ್ತರದವರು 'ಓಯ್ಲ್' ಎಂದೂ ದಕ್ಷಿಣದವರು 'ಓಕ್' ಎಂದೂ ಹೇಳುತ್ತಿದ್ದರು. ಆ ಒಂದು ಪದದಿಂದಲೇ ಎರಡು ಭಾಷಾವರ್ಗಗಳಿಗೆ ಹೆಸರು ಬಂದಿತು. ಇಂದಿನ 'ವುಯಿ' ಉತ್ತರದ ಆ 'ಓಯ್ಲ್'ನಿಂದ ಹುಟ್ಟಿದ್ದು. ಇವುಗಳಲ್ಲದೆ ಫ್ರಾನ್ಸಿನ ವಾಯವ್ಯದ ಬ್ರಿಟನಿ ಸೀಮೆಯಲ್ಲಿ ಬ್ರೆಟನ್, ಪಿರನೀಸ್ ಪರ್ವತಗಳ ಪಶ್ಚಿಮದ ತುದಿಯಲ್ಲಿ ಬಾಸ್ಕ್, ಪೂರ್ವದ ತುದಿಯಲ್ಲಿ ಕ್ಯಾಟಲನ್, ಅಲ್ಸಾಸಿನಲ್ಲಿ ಜರ್ಮನ್ ಬಗೆಯ ನುಡಿಗಳಿದ್ದವು.

1539ರಲ್ಲಿ ಒಂದನೆಯ ಫ್ರಾನ್ಸಿಸ್ ದೊರೆ ವಿಲೆ-ಕೊಟ್ರೆ ಎಂಬಲ್ಲಿ ಹೊರಡಿಸಿದ ಶಾಸನದಿಂದ ನ್ಯಾಯಾಲಯದ ಬರಹಗಳಲ್ಲಿ ಲ್ಯಾಟಿನ್‌ನ ಬದಲು 'ಫ್ರೆಂಚ್ ಮಾತೃಭಾಷೆ' ಕಡ್ಡಾಯವಾಯಿತು. (ಆ ಮಾತಿನಲ್ಲಿ ಪ್ರಾದೇಶಿಕ ನುಡಿಗಳೂ ಸೇರಿದ್ದವೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ.) 1635ರಲ್ಲಿ ದೊರೆಯ ಮುಖ್ಯಮಂತ್ರಿಯಾಗಿದ್ದ ರಿಷಲ್ಯೂ, ಫ್ರೆಂಚ್ ಭಾಷೆಯನ್ನು ಒಪ್ಪಗೊಳಿಸಲೆಂದು ಅಕಾಡೆಮಿಯನ್ನು ಸ್ಥಾಪಿಸಿದನು; ಅದರ ಮೊದಲ ನಿಘಂಟು ಹೊರಬರಲು 1694ರವರೆಗೆ ಕಾಯಬೇಕಾಯಿತು. ಇದೆಲ್ಲ ಅರಮನೆಯ, ಕಚೇರಿಯ ಮಾತಾಯಿತು. ಹೊಲದಲ್ಲಿ ದುಡಿಯುವವನಿಗೆ ಅದರ ಬಿಸಿ ತಟ್ಟಲಿಲ್ಲ.

ನೆಪೋಲಿಯನ್ನನನ್ನೇ ನೋಡಿ. ಇಟಲಿಯ ಜಿನೋವಾ ಗಣರಾಜ್ಯವು ಇಟಾಲಿಯನ್ ಬಗೆಯ ನುಡಿಯಾಡುವ ಕಾರ್ಸಿಕಾ ದ್ವೀಪವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟದ್ದು 1768ರಲ್ಲಿ; ಮರುವರ್ಷ ಅವನು ಅಲ್ಲಿ ಹುಟ್ಟಿದನು. ಒಂಬತ್ತು ತುಂಬಿದ ಮೇಲೆ ಫ್ರೆಂಚ್ ಕಲಿಯಲೆಂದೇ ಅವನನ್ನು ಸಮುದ್ರ ದಾಟಿಸಿ ಓತನ್ ಊರಿನ ಶಾಲೆಗೆ ಸೇರಿಸಿದರು.

1789ರ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವನು ಪಾದ್ರಿ ಗ್ರೆಗ್ವಾರ್. 1790ರಲ್ಲಿ ಅವನು 43 ಪ್ರಶ್ನೆಗಳ ಪತ್ರವನ್ನು ನಾಡಿನ ಮೂಲೆಮೂಲೆಗೆ ಕಳುಹಿಸಿದನು. 1794ರ ಜೂನ್‌ನಲ್ಲಿ ಅವನು ಮಂಡಿಸಿದ ವರದಿಯಂತೆ, ಕನಿಷ್ಠ 60 ಲಕ್ಷ ಜನರಿಗೆ ಫ್ರೆಂಚ್ ಬರುತ್ತಲೇ ಇರಲಿಲ್ಲ. ಹೆಚ್ಚುಕಡಿಮೆ ಅಷ್ಟೇ ಜನರಿಗೆ ಅದರಲ್ಲಿ ನಾಲ್ಕು ಮಾತು ಮುಂದುವರಿಸುವ ಶಕ್ತಿಯಿರಲಿಲ್ಲ. ಶುದ್ಧವಾಗಿ ಮಾತನಾಡಬಲ್ಲವರು 30 ಲಕ್ಷವನ್ನು ಮೀರುತ್ತಿರಲಿಲ್ಲ. ವಿಚಿತ್ರವೆಂದರೆ, 1790ರ ಆರಂಭದಲ್ಲಿ ಕಾನೂನುಗಳನ್ನು ಸ್ಥಳೀಯ ನುಡಿಗಳಿಗೆ ಅನುವಾದಿಸಬೇಕೆಂದು ನಿರ್ಣಯಿಸಿದ್ದ ಕ್ರಾಂತಿಯೇ ನಾಲ್ಕು ವರ್ಷಗಳಲ್ಲಿ ಆ ನುಡಿಗಳನ್ನು ಶತ್ರುಗಳ ಅಡಗುದಾಣಗಳೆಂದು ಕಾಣತೊಡಗಿತು.

ಉತ್ತರ 2: ಮಡಗಾಂವಿನ ಕನ್ನಡತಿ, ಗೋವಾ

ಮಾಸ್ತರರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗ್ರೆಗ್ವಾರನ ವರದಿಯಿಂದ ಯಾವ ರೈತನ ನಾಲಗೆಯೂ ಹೊರಳಲಿಲ್ಲ. ಅದನ್ನು ಹೊರಳಿಸಿದ್ದು ಶಾಲೆ. ಶಿಕ್ಷಣ ಮಂತ್ರಿ ಜೂಲ್ ಫೆರಿಯ ಕಾಲದಲ್ಲಿ, 1881ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಯಿತು. 1882ರಲ್ಲಿ ಆರರಿಂದ ಹದಿಮೂರು ವರ್ಷದ ಮಕ್ಕಳಿಗೆ ಅದು ಕಡ್ಡಾಯವಾಯಿತು. ಬ್ರಿಟನಿಯ ಹಲವು ಶಾಲೆಗಳಲ್ಲಿ ಬ್ರೆಟನ್ ಮಾತನಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದರಕ್ಷೆಯೊಂದನ್ನು ದಾರಕ್ಕೆ ಕಟ್ಟಿ ತೂಗುಹಾಕುತ್ತಿದ್ದರು. ಅದರಿಂದ ಬಿಡುಗಡೆ ಬೇಕಾದರೆ, ಆಟದ ಬಯಲಿನಲ್ಲಿ ಬ್ರೆಟನ್ ಮಾತನಾಡುವ ಇನ್ನೊಂದು ಮಗುವನ್ನು ಹಿಡಿದುಕೊಟ್ಟು ಅದನ್ನು ಅದರ ಕೊರಳಿಗೆ ದಾಟಿಸಬೇಕಿತ್ತು. ಸಂಜೆಯ ಗಂಟೆಯ ಹೊತ್ತಿಗೆ ಅದು ಯಾರ ಕೊರಳಲ್ಲಿ ಉಳಿಯಿತೋ ಆ ಮಗುವಿಗೆ ಶಿಕ್ಷೆ. ಹೊಡೆತಕ್ಕಿಂತ ಈ ಹಿಡಿದುಕೊಡುವ ಆಟವೇ ನನಗೆ ಹೆಚ್ಚು ಕ್ರೂರವಾಗಿ ಕಾಣುತ್ತದೆ. ಓಕ್ ಸೀಮೆಯವರು ಇದನ್ನೆಲ್ಲ 'ವೆರ್ಗೋನ್ಯ' ಎಂದು ಕರೆಯುತ್ತಾರೆ, ಎಂದರೆ ನಾಚಿಕೆ.

ಗೋವಾದಲ್ಲಿ ಕುಳಿತು ಓದುವವರಿಗೆ ಇದು ಹೊಸದಲ್ಲ. 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂಕಣಿಯನ್ನು ಬಿಟ್ಟು ಮೂರು ವರ್ಷಗಳಲ್ಲಿ ಪೋರ್ಚುಗೀಸ್ ಕಲಿಯಬೇಕೆಂದು ಆಜ್ಞೆ ಹೊರಡಿಸಿದ್ದನು. ನಾನು ಓದಿದ ಶಾಲೆಯಲ್ಲೂ ಕನ್ನಡ ಮಾತನಾಡಿದರೆ ಎಂಟಾಣೆ ದಂಡವಿತ್ತು; ಗೆಳತಿಯ ಹೆಸರು ಹೇಳಿ ನಾನೂ ಒಮ್ಮೆ ಪಾರಾಗಿದ್ದೇನೆ.

ಉತ್ತರ 3: ಡೊಂಬಿವಲಿ ಲೋಕಲ್

ಅಕ್ಕನವರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಕೊರಳಿಗೆ ತೂಗಿದ ಆ ಪಾದರಕ್ಷೆಯ ಪ್ರಸ್ತಾಪ ಫೆರಿಯ ಕಾನೂನಿನಲ್ಲಿ ಇಲ್ಲವೇ ಇಲ್ಲ; ಅದನ್ನು ತೂಗುಹಾಕಿದ ಮಾಸ್ತರರಲ್ಲಿ ಮನೆಯಲ್ಲಿ ಬ್ರೆಟನ್ ಮಾತನಾಡುತ್ತಲೇ ಬೆಳೆದವರೂ ಇದ್ದರು. ಅಂಚೆ, ರೈಲ್ವೆ, ಪೊಲೀಸ್ ನೌಕರಿಗೆ ಫ್ರೆಂಚ್ ಬೇಕಿದ್ದುದರಿಂದ ಬಡ ತಂದೆತಾಯಿಯರೂ ಮಕ್ಕಳಿಗೆ ಅದನ್ನೇ ಬಯಸಿದರು. ಉಡುಪಿಯಿಂದ ಬಂದು ಇಲ್ಲಿ ಕ್ಯಾಂಟೀನಿನಲ್ಲಿ ದುಡಿದ ನನ್ನ ತಂದೆ ನನ್ನನ್ನು ಕನ್ನಡ ಶಾಲೆಗೆ ಹಾಕದಿದ್ದುದಕ್ಕೂ ಯಾರ ಆಜ್ಞೆಯೂ ಕಾರಣವಲ್ಲ. ಇನ್ನೊಂದು ಕಾರಣ 1914ರ ಯುದ್ಧ. ಆರಂಭದಲ್ಲಿ ಒಂದೊಂದು ಸೀಮೆಯವರು ಒಂದೊಂದು ದಳದಲ್ಲಿದ್ದರು. ಸಾವುಗಳು ಹೆಚ್ಚಿದಂತೆ ಎಲ್ಲರನ್ನೂ ಬೆರೆಸಿದ್ದರಿಂದ, ಕಂದಕದೊಳಗೆ ಬ್ರೆಟನ್ನನೂ ನೈರುತ್ಯದ ಓಕ್ ಸೀಮೆಯ ಗ್ಯಾಸ್ಕನ್ನನೂ ಪರಸ್ಪರ ಮಾತನಾಡಲು ಫ್ರೆಂಚೇ ಗತಿಯಾಯಿತು.

ಕೋಥರೂಡ್‌ವಾಸಿ:

ಮೂವರಿಗೂ ಕೃತಜ್ಞತೆಗಳು. ಆ ನುಡಿಗಳಿಗೆ ಈಗ ಕಾನೂನಿನಲ್ಲಿ ಸ್ಥಾನವಿದೆಯೇ ಎಂಬುದು ಮಗಳ ಪ್ರಶ್ನೆ.

ಮಾತುಂಗಾದ ನಿವೃತ್ತ ಶಿಕ್ಷಕ:

ಇದೆ, ಆದರೆ ಅಳೆದು ಸುರಿದು ಕೊಟ್ಟದ್ದು. ಓಕ್ ಭಾಷೆಯ ಕವಿ ಮಿಸ್ತ್ರಾಲ್‌ನಿಗೆ 1904ರಲ್ಲೇ ನೊಬೆಲ್ ಪ್ರಶಸ್ತಿ ಬಂದಿದ್ದರೂ, ಅವನ ಭಾಷೆಯನ್ನೂ ಬ್ರೆಟನ್, ಬಾಸ್ಕ್, ಕ್ಯಾಟಲನ್‌ಗಳನ್ನೂ ಶಾಲೆಯಲ್ಲಿ ಐಚ್ಛಿಕವಾಗಿ ಕಲಿಸಲು ಕಾನೂನು ಅವಕಾಶ ನೀಡಿದ್ದು 1951ರಲ್ಲಿ. 1992ರಲ್ಲಿ 'ಗಣರಾಜ್ಯದ ಭಾಷೆ ಫ್ರೆಂಚ್' ಎಂಬ ವಾಕ್ಯ ಸಂವಿಧಾನವನ್ನು ಸೇರಿತು. 2008ರಲ್ಲಿ ಪ್ರಾದೇಶಿಕ ಭಾಷೆಗಳು ದೇಶದ ಪರಂಪರೆಗೆ ಸೇರಿದವೆಂಬ ಇನ್ನೊಂದು ವಾಕ್ಯವೂ ಸೇರಿತು. 2021ರಲ್ಲಿ ಪಾಠಗಳನ್ನೆಲ್ಲ ಪ್ರಾದೇಶಿಕ ಭಾಷೆಯಲ್ಲೇ ನಡೆಸುವುದಕ್ಕೆ ಸಂಸತ್ತು ಸಮ್ಮತಿಸಿದರೂ, ಕಾನೂನುಗಳು ಸಂವಿಧಾನಕ್ಕೆ ಒಪ್ಪುತ್ತವೆಯೇ ಎಂದು ನೋಡುವ ಸಂವಿಧಾನ ಮಂಡಳಿ ಆ ಭಾಗವನ್ನು ತಳ್ಳಿಹಾಕಿತು. ನಿಮ್ಮ ತಾಯಿಯವರಿಗೆ ಇಷ್ಟನ್ನು ಧಾರವಾಡದ ಮಾತಿನಲ್ಲೇ ತಿಳಿಸಲು ಮಗಳಿಗೆ ಹೇಳಿ.