ಬೋರ್ಡಿಗೆ ಬೀಗ ಬಿದ್ದಿದೆ, ಮುಂದೇನು? ಅನುಭವ ಇದ್ದವರು ಹೇಳಿ

ಬಿ.ಎ. ವಿದ್ಯಾರ್ಥಿನಿ, ಧಾರವಾಡ:
ನಮ್ಮ ಕಾಲೇಜಿನಲ್ಲಿ ಭಿತ್ತಿಪತ್ರಿಕೆ ಇತ್ತು. ಹಾಸ್ಟೆಲ್ ಊಟದ ಬಗ್ಗೆ ಒಬ್ಬಳು ಬರೆದಳು, ಮರುದಿನವೇ ಬೋರ್ಡಿಗೆ ಬೀಗ. ಜಗಳ ಬೇಡ, ಆದರೆ ಸುಮ್ನೆ ಕೂರಲೂ ಮನಸ್ಸಿಲ್ಲ. ಕಾಲೇಜಿನಲ್ಲಿ ಧೈರ್ಯವಾಗಿ ಮಾತಾಡುವ ವಾತಾವರಣಕ್ಕೆ ನಾವು ಏನು ಮಾಡಬಹುದು? ಇದನ್ನೆಲ್ಲ ಕಲಿಯಲು ಎಲ್ಲಾದರೂ ಅವಕಾಶ ಇದೆಯಾ?

ಕಾನೂನು ಓದಿದವಳು, ಹುಬ್ಬಳ್ಳಿ:
ತಂಗಿ, ಬಾಯಿಮಾತಲ್ಲಿ ಕೇಳಬೇಡ. ಪತ್ರ ಕೊಡು, ನಿನ್ನ ಪ್ರತಿಯ ಮೇಲೆ ಆಫೀಸಿನ ಸೀಲು ಹಾಕಿಸಿಕೋ. ಕೇಳುವುದು ಎರಡೇ: ಬೋರ್ಡಿನ ನಿಯಮ ಏನು, ಮುಚ್ಚಲು ಹೇಳಿದವರು ಯಾರು.

ನಾವು ಹೀಗೆ ಕೇಳಿದಾಗ ನಿಯಮವೇ ಇಲ್ಲ ಅಂತ ಗೊತ್ತಾಯಿತು. ಸರಿ, ನಾವೇ ಅರ್ಧ ಪುಟ ಬರೆದುಕೊಟ್ಟೆವು. ಬರಹದ ಕೆಳಗೆ ಹೆಸರು, ತರಗತಿ ಇರಬೇಕು. ಯಾರ ಮೇಲಾದರೂ ದೂರಿದ್ದರೆ ಅವರ ಉತ್ತರಕ್ಕೂ ಪಕ್ಕದಲ್ಲೇ ಜಾಗ. ಬರಹ ತೆಗೆದರೆ ಕಾರಣ ಬರೆದು, ಸಹಿ ಮಾಡಿ ಅಲ್ಲೇ ಅಂಟಿಸಬೇಕು. ಈ ಕೊನೆಯದಕ್ಕೆ ಪ್ರಿನ್ಸಿಪಾಲರು ತಕರಾರು ತೆಗೆದರು. ನಾವು ಪಟ್ಟು ಬಿಡಲಿಲ್ಲ. ಸಹಿ ಹಾಕಬೇಕು ಅಂದಕೂಡಲೇ ಕಿತ್ತುಹಾಕುವ ಉಮೇದು ಅರ್ಧ ಇಳಿಯುತ್ತದೆ.

1986ರ ಬಿಜೋ ಇಮ್ಯಾನುಯೆಲ್ ತೀರ್ಪು ಓದು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡಲಿಲ್ಲ ಅಂತ ಶಾಲೆಯಿಂದ ಹೊರಹಾಕಿದ್ದರು. ಬರೀ ಇಲಾಖೆಯ ಸುತ್ತೋಲೆ ಹಿಡಿದು ಸಂವಿಧಾನದ 19(1)(ಎ) ವಿಧಿ ಕೊಟ್ಟ ವಾಕ್ ಸ್ವಾತಂತ್ರ್ಯದ ಹಕ್ಕು ಕಸಿಯಲಾಗದು ಎಂದ ಸುಪ್ರೀಂ ಕೋರ್ಟ್, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತು. ಹಾಗಂತ ಪ್ರತಿ ಮಾತಿಗೂ ಸಂವಿಧಾನ ತೋರಿಸಬೇಡ. ಖಾಸಗಿ ಕಾಲೇಜಿನ ಮೇಲೆ ಈ ಹಕ್ಕು ಚಲಾಯಿಸುವುದು ಅಷ್ಟು ಸಲೀಸಲ್ಲ.

ಉಪನ್ಯಾಸಕ, ಗದಗ:
ಚರ್ಚಾಕೂಟ ಶುರು ಮಾಡಿ. ಬಹುಮಾನದ ಕಪ್, ಸರ್ಟಿಫಿಕೇಟ್ ಏನೂ ಬೇಡ. ಅವು ಬಂದರೆ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಪರವೋ ವಿರೋಧವೋ ಅಲ್ಲೇ ಚೀಟಿ ಎತ್ತಬೇಕು. ನಮ್ಮಲ್ಲಿ ಮೊಬೈಲ್ ನಿಷೇಧದ ವಿರುದ್ಧ ಸಹಿ ಸಂಗ್ರಹಿಸಿದ್ದ ಹುಡುಗನಿಗೇ 'ನಿಷೇಧ ಇರಲಿ' ಚೀಟಿ ಬಂತು. ಒಂದು ನಿಮಿಷ ತಲೆ ಕೆರೆದುಕೊಂಡು, "ಹಾಗಾದರೆ ಮೊದಲು ಸ್ಟಾಫ್ ರೂಮಿನಿಂದ ಶುರುವಾಗಲಿ" ಅಂದ. ನಾನೂ ನಕ್ಕೆ. ಎಲ್ಲರೂ ನಗಲಿಲ್ಲ, ಆ ಮಾತು ಬೇರೆ.

ಊಟದ ವಿಷಯ ಬೇರೆಯೇ ದಾರಿಯಲ್ಲಿ ಹೋಗಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದಂತೆ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ಅದರಲ್ಲಿ ವಿಶೇಷ ಆಹ್ವಾನಿತರಾಗಿ ಒಬ್ಬ ವಿದ್ಯಾರ್ಥಿಯೂ ಇರುತ್ತಾರೆ. ಯಾರು ಅಂತ ಕೇಳಿ ನೋಡಿ.

ಹಾವೇರಿಯವನು:
ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಆರ್‌ಟಿಐ ಹಾಕಿ. 10 ರೂಪಾಯಿ ಫೀ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆಯಬೇಡಿ.

ಹಳೇ ವಿದ್ಯಾರ್ಥಿ, ಧಾರವಾಡ:
ಕಲಿಯುವ ಅವಕಾಶ ಕೇಳಿದಿರಲ್ಲ. 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ ಊರಲ್ಲೇ ಇದೆ. ಅಲ್ಲಿನ ಉಪನ್ಯಾಸಗಳಿಗೆ ಹೋಗಿ, ಮುಗಿದ ಮೇಲೆ ಪ್ರಶ್ನೆ ಕೇಳಿ. ತುಂಬಿದ ಸಭೆಯಲ್ಲಿ ಎದ್ದು ನಿಲ್ಲುವುದೂ ರೂಢಿಯಾಗಬೇಕಲ್ವಾ? ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಅಲ್ಲಿನ ಹುಡುಗರ ಪರಿಚಯ ಮಾಡಿಕೊಂಡರೆ ನಿಮ್ಮ ಪತ್ರಗಳನ್ನು ತಿದ್ದಿಸಬಹುದು.

ಹಾಸ್ಟೆಲಿನಲ್ಲಿ ಇದ್ದವಳು, ಹುಬ್ಬಳ್ಳಿ:
ಕಾನೂನಿನ ಅಕ್ಕನ ಮಾತಿನಲ್ಲಿ ಒಂದು ನನಗೆ ಒಪ್ಪಿಗೆಯಿಲ್ಲ. ಹೆಸರು ಹಾಕಲೇಬೇಕು ಅಂದರೆ ಹಾಸ್ಟೆಲ್ ಹುಡುಗಿಯರು ಬರೆಯುವುದೇ ಇಲ್ಲ. ವಾರ್ಡನ್ ಮೊದಲು ಫೋನ್ ಮಾಡುವುದು ಅಪ್ಪನಿಗೆ! ನಾವು ನಂಬುವ ಒಬ್ಬ ಮೇಡಂ ಹತ್ತಿರ ಹೆಸರು ಕೊಡುತ್ತಿದ್ದೆವು. ಬೋರ್ಡಿನ ಮೇಲೆ 'ಎರಡನೇ ವರ್ಷದವಳು' ಅಂತಷ್ಟೇ ಇರುತ್ತಿತ್ತು. ನಿಮ್ಮ ನಿಯಮದಲ್ಲಿ ಇದನ್ನೂ ಸೇರಿಸಿ.